ರೈಫಲ್ ಬೆಡ್ಡಿಂಗ್‌ಗೆ ಉಕ್ಕಿನ ಪುಟ್ಟಿ: ಕಲಬುರಗಿ ಬಿಸಿಲಿಗೆ ತಕ್ಕದ್ದೇ?

ಬೆಡ್ಡಿಂಗ್ ಎಂದರೆ ರೈಫಲ್‌ನ ಆಕ್ಷನ್ (ಗುಂಡು ತುಂಬಿ ಹಾರಿಸುವ ಲೋಹದ ಭಾಗ) ಕಟ್ಟಿಗೆಯ ಹಿಡಿಯಲ್ಲಿ ಅಲುಗದೆ ಕೂರುವಂತೆ ನಡುವೆ ಪುಟ್ಟಿ ತುಂಬುವುದು. ಉಕ್ಕಿನ ಪುಡಿ ಬೆರೆತ ಎಪಾಕ್ಸಿ ಪುಟ್ಟಿ ಈ ಕೆಲಸಕ್ಕೆ ಒಳ್ಳೆಯ ಮಾಲು. ದಪ್ಪಗಿದೆ, ಹರಿದು ಇಳಿಯಲ್ಲ, ಕುಗ್ಗುವುದೂ ತೀರಾ ಕಡಿಮೆ. ತಕರಾರು ಒಂದೇ: ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ ಕಲಸಿದ್ದು ಡಬ್ಬಿ ಮೇಲೆ ಬರೆದ ಹೊತ್ತಿಗಿಂತ ಬಹಳ ಮೊದಲೇ ಬಿಗಿಯುತ್ತದೆ. ನಸುಕಿನಲ್ಲೇ ಮುಗಿಸಿ.

ರಿಕಾಯಿಲ್ ಲಗ್ ಎಂದರೆ ಆಕ್ಷನ್ ತಳದಲ್ಲಿ ಚಾಚಿರುವ ಗಟ್ಟಿ ತುಂಡು. ಅದರ ಮುಂದೆ, ಪಕ್ಕ, ತಳಕ್ಕೆ ಟೇಪ್ ಅಂಟಿಸಿ. ಹಿಂಬದಿಗೆ ಬೇಡ, ಒದೆತ ತಡೆಯುವುದು ಅದೇ ಮುಖ. ಆಕ್ಷನ್‌ಗೂ ಸ್ಕ್ರೂಗಳಿಗೂ ಎರಡು ಕೋಟು ಮೇಣ, ತೂತುಗಳಿಗೆಲ್ಲ ಮಕ್ಕಳ ಆಟದ ಕ್ಲೇ. ಒಂದು ತೂತು ಮರೆತರೂ ಆಕ್ಷನ್ ಕಟ್ಟಿಗೆಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬಿಡಿಸುವವರೇ ಇಲ್ಲ! ಪುಟ್ಟಿ ತುಂಬಿ ಆಕ್ಷನ್ ಕೂರಿಸಿದ ಮೇಲೆ ಸ್ಕ್ರೂ ಬರೀ ಕೂರುವಷ್ಟು ತಿರುವಿ. ಬಿಗಿದರೆ ಆ ಸೆಳೆತವೇ ಅಚ್ಚಾಗುತ್ತದೆ.

24 ಗಂಟೆ ಬಿಟ್ಟು ಬಿಚ್ಚಿ. ಮತ್ತೆ ಕೂರಿಸಿ ಬಿಗಿದ ಮೇಲೆ ಮುಂದಿನ ಸ್ಕ್ರೂ ಸಡಿಲಿಸಿದರೆ, ಡಯಲ್ ಗೇಜ್‌ನಲ್ಲಿ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ನಳಿಗೆ 0.05 ಮಿ.ಮೀ.ಗಿಂತ ಹೆಚ್ಚು ಏಳಬಾರದು.