ಬ್ರಿಟನ್ನಿನ ಸಿಐಎಸ್ ಆನ್‌ಲೈನ್ ಸೇವೆ: ಪುಕ್ಕಟೆ, ಆದರೆ ಮೈಮರೆಯುವಂತಿಲ್ಲ

ಬ್ರಿಟನ್ನಿನಲ್ಲಿ ಉಪಗುತ್ತಿಗೆದಾರರಿಗೆ ಹಣ ಕೊಡುವ ಕಟ್ಟಡ ಗುತ್ತಿಗೆದಾರರಿಗಾಗಿ ಎಚ್‌ಎಂಆರ್‌ಸಿ (ಅಲ್ಲಿನ ತೆರಿಗೆ ಇಲಾಖೆ) ನಡೆಸುವ ಉಚಿತ ಸೇವೆ ಇದು. ಸಿಐಎಸ್ ಅಂದರೆ ಕಟ್ಟಡ ಉದ್ಯಮದ ತೆರಿಗೆ ಯೋಜನೆ: ಉಪಗುತ್ತಿಗೆದಾರನಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಅವನ ತೆರಿಗೆಗೆಂದು ಹಿಡಿದು ಗುತ್ತಿಗೆದಾರ ಇಲಾಖೆಗೆ ಕಟ್ಟಬೇಕು. ಸಣ್ಣ ಗುತ್ತಿಗೆದಾರರಿಗೆ ಧಾರಾಳ ಸಾಕು. 50ಕ್ಕಿಂತ ಹೆಚ್ಚು ಉಪಗುತ್ತಿಗೆದಾರರನ್ನು ಪರಿಶೀಲಿಸಬೇಕಾದರೆ ಮಾತ್ರ ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಳ್ಳಬೇಕು.

ಇದರ ಜೀವಾಳ ಪರಿಶೀಲನೆ. ಉಪಗುತ್ತಿಗೆದಾರನ ಹೆಸರು, ಹತ್ತಂಕಿಯ ಯುಟಿಆರ್ (ತೆರಿಗೆದಾರನ ಗುರುತಿನ ಸಂಖ್ಯೆ), ಒಬ್ಬಂಟಿ ಕಸುಬುದಾರನಾದರೆ ನ್ಯಾಷನಲ್ ಇನ್ಶೂರೆನ್ಸ್ (ಅಲ್ಲಿನ ಸಾಮಾಜಿಕ ವಿಮೆ) ಸಂಖ್ಯೆ ಕೊಟ್ಟರೆ ಕಡಿತದ ದರ ಬರುತ್ತದೆ: ನೋಂದಾಯಿತರಿಗೆ ಶೇ. 20, ಗ್ರಾಸ್ ಪೇಮೆಂಟ್ (ಕಡಿತವಿಲ್ಲದೆ ಪೂರ್ತಿ ಹಣ ಪಡೆಯುವ) ಮಾನ್ಯತೆ ಇದ್ದವರಿಗೆ ಸೊನ್ನೆ, ದಾಖಲೆಯಲ್ಲಿ ಹೊಂದದವರಿಗೆ ಶೇ. 30. ಯುಟಿಆರ್‌ನ ಒಂದು ಅಂಕಿ ತಪ್ಪಿದರೂ ನೋಂದಾಯಿತ ಗಾರೆಯವನಿಗೆ 30ರ ಏಟು ಬೀಳಬಹುದು. ಆದ್ದರಿಂದ ಹಣ ಕೊಟ್ಟ ಮೇಲಲ್ಲ, ಕೊಡುವ ಮುಂಚೆಯೇ ಪರಿಶೀಲಿಸಿ.

ಹೆಚ್ಚಿನವರು ಎಡವುವುದು ಸಾಮಗ್ರಿಯ ಲೆಕ್ಕದಲ್ಲಿ. ವ್ಯಾಟ್ ಬಿಟ್ಟು 1,000 ಪೌಂಡ್ ಬಿಲ್ಲಿನಲ್ಲಿ 400 ಸಾಮಗ್ರಿಯದಾದರೆ ಕಡಿತ 600ರ ಮೇಲೆ ಮಾತ್ರ. ಅಂದರೆ ಶೇ. 20ರ ದರದಲ್ಲಿ 120 ಹಿಡಿದು 880 ಕೊಡಬೇಕು, 200 ಹಿಡಿಯುವುದಲ್ಲ. ಬಾಡಿಗೆಗೆ ತಂದ ಯಂತ್ರದ ವೆಚ್ಚವನ್ನೂ ಕಳೆಯಬಹುದು, ಓಡಾಟದ ಪೆಟ್ರೋಲನ್ನಲ್ಲ. ಸಾಮಗ್ರಿಯ ಮೊತ್ತ ಉಬ್ಬಿದಂತೆ ಕಂಡರೆ ರಸೀದಿ ಕೇಳಿ.

ತೆರಿಗೆ ತಿಂಗಳು 6ರಿಂದ ಮುಂದಿನ 5ರವರೆಗೆ (ವಿಚಿತ್ರ, ಆದರೆ ಅದೇ ನಿಯಮ). ಕೊಟ್ಟ ಹಣ, ಕಡಿತಗಳ ವರದಿಯಾದ ರಿಟರ್ನ್ ಆ ತಿಂಗಳು ಮುಗಿದ ಮೇಲೆ ಬರುವ 19ರೊಳಗೆ, ಆನ್‌ಲೈನ್ ಪಾವತಿ 22ರೊಳಗೆ. ರಿಟರ್ನ್ ಒಂದು ದಿನ ತಡವಾದರೂ 100 ಪೌಂಡ್ ದಂಡ, ಎರಡು ತಿಂಗಳಾದರೆ ಮತ್ತೆ 200. ಉಪಗುತ್ತಿಗೆದಾರನಿಗೆ ಕಡಿತದ ಚೀಟಿಯನ್ನೂ ತಿಂಗಳು ಮುಗಿದ 14 ದಿನದೊಳಗೆ ತಲುಪಿಸಬೇಕು.