ಪೇಟೆನಾ, ದಂಡಾ? ವೀಕೆಂಡಲ್ಲಿ ಬೆಂಗಳೂರು ನಡ್ಕೊಂಡ್ ನೋಡೋಕೆ ಯಾವ ಕಡೆ ಹೋಗ್ಬೇಕು

ಬೆಂಗಳೂರಿನ ನಡುಮಧ್ಯೆ ನಡ್ಕೊಂಡೇ ಸುತ್ತಬೇಕು ಅಂದ್ರೆ ಇರೋದು ಎರಡು ಕಡೆ. ಒಂದು ಪೇಟೆ ಕಡೆ, ಕೆ.ಆರ್. ಮಾರ್ಕೆಟ್, ಅವೆನ್ಯೂ ರೋಡ್, ಚಿಕ್ಕಪೇಟೆ, ಬಳೇಪೇಟೆ. ಇನ್ನೊಂದು ದಂಡಿನ ಕಡೆ, ಅಂದ್ರೆ ಕಂಟೋನ್ಮೆಂಟ್, ಕಬ್ಬನ್ ಪಾರ್ಕ್, ಎಂಜಿ ರೋಡ್, ಚರ್ಚ್ ಸ್ಟ್ರೀಟ್, ಶಿವಾಜಿನಗರ. ಎರಡೂ ಕಡೆ ಬೆಳಗ್ಗೆ, ಸಂಜೆ, ಶನಿವಾರ, ಭಾನುವಾರ ಅಂತ ಎಲ್ಲಾ ಟೈಮಲ್ಲೂ ನಡೆದಿದೀನಿ. ಊರಿಂದ ಬರೋ ನೆಂಟರು, ಹೊಸದಾಗಿ ಕೆಲ್ಸಕ್ಕೆ ಸೇರಿರೋ ಹುಡುಗ್ರು, ಎಲ್ರೂ ಸೀದಾ ಎಂಜಿ ರೋಡ್‌ಗೇ ಹೋಗೋದು. ನನ್ನ ಕೇಳಿದ್ರೆ ಒಂದೇ ದಿನ ಟೈಮ್ ಇದೆ ಅಂದ್ರೆ ಕಣ್ಮುಚ್ಕೊಂಡ್ ಪೇಟೆಗೆ ಹೋಗಿ ಅಂತೀನಿ.

ಯಾಕಂದ್ರೆ ಪೇಟೆ ಬೀದಿಗಳು ಹುಟ್ಟಿದ್ದೇ ನಡೆಯೋರಿಗೆ. 1537ರಲ್ಲಿ ಕೆಂಪೇಗೌಡ್ರು ಊರು ಕಟ್ಟುವಾಗ ಚಿಕ್ಕಪೇಟೆ, ದೊಡ್ಡಪೇಟೆ ಸೇರೋ ಜಾಗದಿಂದ ನಾಲ್ಕು ದಿಕ್ಕಿಗೂ ಎತ್ತು ಕಟ್ಟಿ ನೇಗಿಲು ಹೊಡೆಸಿದ್ರು, ಆ ಸಾಲೇ ಬೀದಿ ಆಯ್ತು ಅಂತ ಹೇಳ್ತಾರೆ. ಆ ದೊಡ್ಡಪೇಟೆನೇ ಈಗಿನ ಅವೆನ್ಯೂ ರೋಡ್. ಹತ್ತು ಹೆಜ್ಜೆಗೊಂದು ಅಡ್ಡಗಲ್ಲಿ, ಆ ಗಲ್ಲಿಗೊಂದು ಕಸುಬು, ಒಂದು ಗುಡಿ, ಗುಡಿ ಪಕ್ಕದಲ್ಲೇ ಒಂದು ದರ್ಗಾ. ದಂಡು ಹಂಗಲ್ಲ, 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯ ಇಲ್ಲಿಗೆ ತಂದ್ಮೇಲೆ ಬೆಳೆದಿದ್ದು, ಎಂಜಿ ರೋಡ್‌ಗೆ ಆಗ ಸೌತ್ ಪರೇಡ್ ಅಂತಾನೇ ಹೆಸರು. ಕವಾಯತು, ಕುದುರೆ, ದೊಡ್ಡ ಕಾಂಪೌಂಡಿನ ಬಂಗ್ಲೆ ಲೆಕ್ಕದಲ್ಲಿ ಹಾಕಿದ ರೋಡುಗಳು, ಅದಕ್ಕೇ ನೋಡೋ ಜಾಗ ಒಂದರಿಂದ ಇನ್ನೊಂದಕ್ಕೆ ದೂರ. 1949ರಲ್ಲಿ ಕಾರ್ಪೊರೇಶನ್ ಆಗೋವರೆಗೂ ಇವೆರಡೂ ಬೇರೆ ಬೇರೆ ಮುನಿಸಿಪಾಲಿಟಿ, ಇವತ್ತಿಗೂ ನಡೆದ್ರೆ ಅದು ಕಾಲಿಗೇ ಗೊತ್ತಾಗತ್ತೆ.

ಪೇಟೆಗೆ ಶನಿವಾರ ಹೋಗಿ, ಅದೂ ಬೆಳಕು ಹರಿಯೋ ಹೊತ್ತಿಗೇ. ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ಮೊದಲು ಹೂವಿನ ಮಾರ್ಕೆಟ್ ಬಿಲ್ಡಿಂಗಿಗೆ ಹೋಗಿ ಮೆಟ್ಲು ಹತ್ತಿ ಮೇಲಿಂದ ಕೆಳಗೆ ನೋಡ್ಬೇಕು, ಸೇವಂತಿಗೆ, ಚೆಂಡು ಹೂವು, ಸುಗಂಧರಾಜ, ಗುಲಾಬಿ ಎಲ್ಲಾ ರಾಶಿ ರಾಶಿ, ಮಧ್ಯೆ ತಲೆ ಮೇಲೆ ಮೂಟೆ ಹೊತ್ಕೊಂಡ್ ನುಗ್ಗೋ ಹಮಾಲಿಗಳು "ಸೈಡ್ ಸೈಡ್, ದಾರಿ ಬಿಡಿ" ಅಂತ ಕೂಗ್ತಾನೇ ಇರ್ತಾರೆ. ಕೆಳಗೆ ಬಂದು ಒಬ್ಬರ ಹತ್ರ "ಕನಕಾಂಬರ ಮಾರು ಎಷ್ಟಣ್ಣ" ಅಂತ ಕೇಳಿದ್ರೆ, "ನಿಮಗೆ ಅಂತ ಹೇಳ್ತೀನಿ ತಗೊಳಿ ಅಕ್ಕ" ಅಂತ ರೇಟ್ ಹೇಳೋಕ್ ಮುಂಚೆನೇ ಕೈ ಅಗಲಿಸಿ ಅಳತೆ ಶುರು ಮಾಡಿರ್ತಾರೆ. ಕೈ ಅಳತೆ ಆದ್ರೂ ಚೌಕಾಸಿ ಇದ್ದಿದ್ದೇ.

ಅಲ್ಲಿಂದ ರೋಡ್ ದಾಟಿದ್ರೆ ಕೋಟೆ. 1761ರಲ್ಲಿ ಹೈದರಾಲಿ ಮಣ್ಣಿನ ಕೋಟೆನ ಕಲ್ಲಲ್ಲಿ ಕಟ್ಟಿಸಿದ್ದು, 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಗೆದ್ದಿದ್ದು, ಈಗ ಉಳಿದಿರೋದು ದೆಹಲಿ ಬಾಗಿಲು, ಸ್ವಲ್ಪ ಗೋಡೆ, ಅಷ್ಟೇ. ಸ್ವಲ್ಪ ಮುಂದೆ ಟಿಪ್ಪು ಅರಮನೆ, ತೇಗದ ಕಂಬಗಳು ಚೆನ್ನಾಗಿವೆ, ಪಕ್ಕದಲ್ಲೇ ಕೋಟೆ ವೆಂಕಟರಮಣ ಸ್ವಾಮಿ ದೇವಸ್ಥಾನ. ಅವೆನ್ಯೂ ರೋಡಲ್ಲಿ ಹಳೇ ಪುಸ್ತಕ ನೋಡ್ತಾ ಬಂದ್ರೆ ರೈಸ್ ಮೆಮೋರಿಯಲ್ ಚರ್ಚ್ ಸಿಗತ್ತೆ, ಅದು ಬೆಂಜಮಿನ್ ಹೋಲ್ಟ್ ರೈಸ್ ಅನ್ನೋ ಪಾದ್ರಿ ನೆನಪಿಗೆ, ನಮ್ಮ ಶಾಸನಗಳನ್ನೆಲ್ಲಾ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ತಂದೆ. ಕನ್ನಡದವರು ಅಲ್ಲಿ ಒಂದು ನಿಮಿಷ ನಿಂತು ಹೋಗ್ಬೇಕು ಅನ್ನೋದು ನನ್ನ ಆಸೆ.

ಬಳೇಪೇಟೆ ನಂಗೆ ಎಲ್ಲಕ್ಕಿಂತ ಇಷ್ಟ. ವೀಣೆ, ಮೃದಂಗ, ತಬಲ, ಹಾರ್ಮೋನಿಯಂ ಮಾರೋ ಅಂಗಡಿಗಳು. ಒಂದ್ ಅಂಗಡಿ ಬಾಗ್ಲಲ್ಲಿ ವಯಸ್ಸಾದವರೊಬ್ರು ವೀಣೆಗೆ ಮೇಳ ಕಟ್ತಾ ಇದ್ರು, ಕರೀ ಮೇಣದ ಮೇಲೆ ಹಿತ್ತಾಳೆ ಮೆಟ್ಲು ಕೂರ್ಸೋದು, ತಂತಿ ಮೀಟಿ ಕಿವಿಗೊಟ್ಟು ಕೇಳೋದು, ಮೆಟ್ಲನ್ನ ಕೂದಲೆಳೆಯಷ್ಟು ಆಚೆ ತಳ್ಳೋದು, ಮತ್ತೆ ಮೀಟೋದು. ನೋಡ್ತಾ ನಿಂತಿದ್ದಕ್ಕೆ ಸ್ಟೂಲ್ ಕೊಟ್ಟು ಕೂರಿಸಿದ್ರು, ಏನೂ ತಗೊಳಲ್ಲ ಅಂತ ಗೊತ್ತಿದ್ರೂನೂ. ಹಸಿವಾದ್ರೆ ಉಡುಪಿ ಶ್ರೀಕೃಷ್ಣ ಭವನ, 1926ರಿಂದ ಇರೋದು, ಸಾಗು ದೋಸೆ ತಿನ್ನದೆ ಬರ್ಬೇಡಿ.

ಪೇಟೆಯ ಕಷ್ಟನೂ ಹೇಳ್ಬೇಕಲ್ಲ. ಹನ್ನೊಂದು ಗಂಟೆ ಮೇಲೆ ಕಾಲಿಡೋಕ್ ಜಾಗ ಇರಲ್ಲ, ಫುಟ್‌ಪಾತ್ ಅನ್ನೋದು ಹೆಸರಿಗೆ, ಸ್ಕೂಟರ್, ತಳ್ಳುಗಾಡಿ, ಲಗೇಜ್ ಆಟೋ ಎಲ್ಲಾ ಮೈಮೇಲೇ ಬರತ್ತೆ. ಹೆಣ್ಮಕ್ಕಳಿಗೆ ಟಾಯ್ಲೆಟ್ ದೊಡ್ಡ ಸಮಸ್ಯೆ, ಮೆಟ್ರೋ ಸ್ಟೇಷನ್ ಬಿಟ್ರೆ ಧೈರ್ಯವಾಗಿ ಹೋಗೋ ಜಾಗ ನಂಗಂತೂ ಸಿಕ್ಕಿಲ್ಲ. ಮಳೆ ಬಂತೋ, ಮಾರ್ಕೆಟ್ ಸುತ್ತ ಕೊಳೆತ ಸೊಪ್ಪು, ಕೆಸರು, ಚಪ್ಪಲಿ ಬೇಡ, ಶೂ ಹಾಕ್ಕೊಂಡೇ ಹೋಗಿ. ಇನ್ನು ಭಾನುವಾರ ಮುಕ್ಕಾಲು ಅಂಗಡಿ ಮುಚ್ಚಿರತ್ತೆ.

ಭಾನುವಾರಕ್ಕೆ ದಂಡೇ ಸರಿ. ಅವತ್ತು ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಬಿದಿರು ಮೆಳೆ ಹತ್ರ ಹಕ್ಕಿ ಕೂಗೋದು ಕೇಳತ್ತೆ, 1870ರ ಪಾರ್ಕು ಇನ್ನೂ ಇಷ್ಟು ತಣ್ಣಗಿದೆಯಲ್ಲ ಅಂತ ಖುಷಿ ಆಗತ್ತೆ. ಕೆಂಪು ಲೈಬ್ರರಿ, ಕೆಂಪು ಅಠಾರ ಕಚೇರಿ (ಈಗಿನ ಹೈಕೋರ್ಟ್), ಎದುರಿಗೆ 1956ರ ವಿಧಾನಸೌಧ, ಇಷ್ಟು ನಡಿಗೆ ಮಟ್ಟಿಗೆ ಪೇಟೆಗಿಂತ ದಂಡೇ ಮೇಲು. ಆಮೇಲೆ ಎಂಜಿ ರೋಡ್‌ಗೆ ಬಂದ್ರೆ ಆ ಖುಷಿ ಇಳಿದುಬಿಡತ್ತೆ. ಒಂದ್ ಪಕ್ಕ ಮೆಟ್ರೋ ಕಂಬ, ಇನ್ನೊಂದ್ ಪಕ್ಕ ಗಾಜಿನ ಶೋರೂಂ, ಬೇರೆ ಯಾವ ಊರಲ್ಲಾದ್ರೂ ಇದೇ ಸಿಗತ್ತೆ. ಅದನ್ನ ಬೇಗ ದಾಟಿ ಚರ್ಚ್ ಸ್ಟ್ರೀಟಿಗೆ ಹೋಗಿ, ಕಲ್ಲು ಹಾಸಿದ್ದಾರೆ, ನಡೆಯೋಕೆ ಆರಾಮ, ಬ್ಲಾಸಮ್, ಬುಕ್‌ವರ್ಮ್ ಎರಡು ಪುಸ್ತಕದ ಅಂಗಡಿಗೇ ಅರ್ಧ ದಿನ ಬೇಕು. ಅಲ್ಲೇ ಒಂದು ಕೆಫೆಯಲ್ಲಿ ಒಂದು ಕಾಫಿಗೆ ಕೊಟ್ಟ ದುಡ್ಡಲ್ಲಿ ಬಳೇಪೇಟೆಯಲ್ಲಿ ಇಬ್ರು ಹೊಟ್ಟೆ ತುಂಬಾ ತಿಂಡಿ ತಿನ್ಬಹುದಿತ್ತು, ಇದನ್ನೂ ಲೆಕ್ಕಕ್ಕೆ ಇಟ್ಕೊಳಿ.

ದಂಡಲ್ಲಿ ಜನ ಬಿಟ್ಟುಬಿಡೋದು ಶಿವಾಜಿನಗರನ, ಅದೇ ಬೇಜಾರು. ರಸೆಲ್ ಮಾರ್ಕೆಟ್ 1927ರದ್ದು, ಎದುರಿಗೆ ಸೇಂಟ್ ಮೇರಿಸ್ ಬೆಸಿಲಿಕಾ, ಸುತ್ತ ಹಣ್ಣು, ಒಣ ಖರ್ಜೂರ, ಬಿಸಿ ಸಮೋಸ, ಸುಲೈಮಾನಿ ಚಾ. ಅಲ್ಲಿ ನಿಂತ್ರೆ ಪೇಟೆನೇ ಸ್ವಲ್ಪ ಈ ಕಡೆ ಬಂದಂಗೆ ಇರತ್ತೆ. ಸೆಪ್ಟೆಂಬರ್ 8ರ ಹಬ್ಬದ ಸುಮಾರಿಗೆ ಮಾತ್ರ ರಶ್ ನೋಡ್ಕೊಂಡ್ ಹೋಗಿ.

ರಾತ್ರಿ ವಿಷಯಕ್ಕೆ ಬಂದ್ರೆ ಒಬ್ಬೊಬ್ರೇ ಇದ್ರೆ ಚರ್ಚ್ ಸ್ಟ್ರೀಟ್ ಕಡೆನೇ ಇರಿ, ಬೆಳಕಿದೆ, ಜನ ಇದಾರೆ. ಪೇಟೆ ಎಂಟು ಒಂಬತ್ತಕ್ಕೆಲ್ಲಾ ಶಟರ್ ಎಳೆದು ಬಿಕೋ ಅನ್ನತ್ತೆ. ಅದಕ್ಕೆ ಒಂದೇ ಒಂದು ಅಪವಾದ ಚೈತ್ರ ಹುಣ್ಣಿಮೆ, ಅವತ್ತು ಧರ್ಮರಾಯ ಸ್ವಾಮಿ ಗುಡಿಯಿಂದ ಹೊರಟ ಕರಗ ಬೆಳಗಿನ ಜಾವದವರೆಗೂ ಇದೇ ಬೀದಿಗಳಲ್ಲಿ ಸುತ್ತತ್ತೆ, ಕಾಟನ್‌ಪೇಟೆ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗತ್ತೆ, ಸಾವಿರಾರು ಜನ ಜೊತೆಗೆ ನಡೀತಾರೆ. ಅವತ್ತು ಊರಲ್ಲಿದ್ರೆ ಬೇರೆ ಪ್ಲಾನ್ ಎಲ್ಲಾ ಬಿಡಿ.

ಮಂಡಿನೋವಿನ ಅಮ್ಮನ್ನೋ ಚಿಕ್ಕ ಮಕ್ಕಳನ್ನೋ ಕರ್ಕೊಂಡ್ ಹೋಗೋರಿಗೆ ಮಾತ್ರ ನಾನು ಪೇಟೆ ಹೇಳಲ್ಲ, ಕಬ್ಬನ್ ಪಾರ್ಕಲ್ಲಿ ಕೂರೋಕೆ ಬೆಂಚಿದೆ, ಅಲ್ಲೇ ಮೆಟ್ರೋ ಇದೆ. ಅಮ್ಮನಿಗೆ ಚಿಕ್ಕಪೇಟೆ ಸೀರೆ ಬೇಕೇ ಬೇಕು ಅಂದ್ರೆ ಮೆಟ್ರೋದಲ್ಲಿ ಚಿಕ್ಕಪೇಟೆಗೇ ಇಳಿದು, ಅಂಗಡಿ ತೆಗೆಯೋ ಹೊತ್ತಿಗೇ ಹೋಗಿ, ರಶ್ ಶುರುವಾಗೋದರೊಳಗೆ ವಾಪಸ್ ಬಂದ್ಬಿಡಿ.