ಕಪಾಟಿನಲ್ಲಿ ಕೂರುವ ರೋಬೋಟ್‌ಗೆ ಯಾವ ಬ್ಯಾಟರಿ? ಮೂರು ಬಗೆ ಹಾಕಿ ನೋಡಿದೆ

ನನ್ನದು ನಾಲ್ಕು ಚಕ್ರದ ರಿಮೋಟ್ ರೋಬೋಟ್. ಮುಂದೆ ಸಾಮಾನು ಎತ್ತುವ ಒಂದು ಕೈ ಇದೆ. 6 ವೋಲ್ಟ್‌ನಲ್ಲಿ ಓಡುತ್ತದೆ. ತಿಂಗಳಿಗೆ ಎರಡು ದಿನ ಓಡಿಸಿದರೆ ಜಾಸ್ತಿ, ಉಳಿದ ದಿನವೆಲ್ಲ ಕಪಾಟಿನಲ್ಲೇ. ಹಾಗಾಗಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದಕ್ಕಿಂತ, ಸುಮ್ನೆ ಕೂತಾಗ ಅದಕ್ಕೆ ಏನಾಗುತ್ತದೆ ಅನ್ನುವುದೇ ನನಗೆ ಮುಖ್ಯ.

ಮೊದಲು ಹಾಕಿದ್ದು ಮಾಮೂಲಿ ಆಲ್ಕಲೈನ್ ಸೆಲ್, ನಾಲ್ಕು. ಸಮತಟ್ಟಾದ ನೆಲದಲ್ಲಿ ಚೆನ್ನಾಗಿಯೇ ಓಡಿತು. ಕೈ ಎತ್ತಿದ ಕೂಡಲೇ ರೋಬೋಟ್ ನಿಂತುಬಿಡುತ್ತಿತ್ತು. ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್‌ನ ದೀಪ ಆರಿ, ಮತ್ತೆ ಹತ್ತುತ್ತಿತ್ತು. ರಿಮೋಟ್ ಸಿಗ್ನಲ್ ಹೋಗುತ್ತಿದೆ ಅಂದುಕೊಂಡು ಎರಡು ಸಂಜೆ ರಿಮೋಟನ್ನೂ ರಿಸೀವರನ್ನೂ ಮತ್ತೆ ಮತ್ತೆ ಜೋಡಿಸುತ್ತಲೇ (ಪೇರಿಂಗ್) ಕೂತೆ. ಕೊನೆಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಸುಮ್ನೆ ನಿಂತಾಗ 6.1 ವೋಲ್ಟ್. ಕೈ ಏಳುವಾಗ 4ಕ್ಕಿಂತ ಕೆಳಗೆ! ಆಲ್ಕಲೈನ್ ಸೆಲ್‌ನ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಜಾಸ್ತಿ. ಮೋಟಾರ್ ಒಮ್ಮೆಲೇ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ರೀಸೆಟ್ ಆಗುತ್ತದೆ. ಸಿಗ್ನಲ್ ತೊಂದರೆ ಅನ್ನಿಸುವುದರಲ್ಲಿ ಎಷ್ಟೋ ಇದೇ ಆಗಿರುತ್ತದೆ. ಅದಕ್ಕೇ ವೋಲ್ಟೇಜನ್ನು ಮೋಟಾರ್ ತಿರುಗುವಾಗಲೇ ಅಳೆಯಬೇಕು.

ಅದಕ್ಕಿಂತ ದೊಡ್ಡ ಪೆಟ್ಟು ಕಾದಿತ್ತು. ಸೆಲ್ ತೆಗೆಯದೆ ನಾಲ್ಕು ತಿಂಗಳು ಬಿಟ್ಟಿದ್ದೆ. ಮುಚ್ಚಳ ತೆಗೆದರೆ ಸ್ಪ್ರಿಂಗ್ ಮೇಲೆಲ್ಲ ಬಿಳಿ ಪುಡಿ, ಬುಡದಲ್ಲಿ ಹಸಿರು ಕಿಲುಬು. ಬೆರಳು ತಾಗಿಸಿದ್ದಕ್ಕೇ ಒಂದು ಸ್ಪ್ರಿಂಗ್ ಮುರಿದು ಬಿತ್ತು. ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಗ್ಲೌಸ್ ಹಾಕಿಕೊಂಡು, ಹತ್ತಿ ಕಡ್ಡಿಗೆ ವಿನಿಗರ್ ಅದ್ದಿ ಒರೆಸಿದೆ. ಬುರುಬುರು ನೊರೆ ಬಂತು, ಪುಡಿ ಕರಗಿತು. ಆದರೂ ಮುರಿದ ಸ್ಪ್ರಿಂಗ್ ಬದಲಿಸಲು ಹೋದರೆ ವೈರ್‌ಗೆ ಬೆಸುಗೆ ಹತ್ತಲಿಲ್ಲ. ಸಿಪ್ಪೆ ಸುಲಿದು ನೋಡಿದರೆ ಒಳಗಿನ ತಾಮ್ರ ಕಪ್ಪಾಗಿತ್ತು, ಸೋರಿದ್ದು ವೈರ್ ಒಳಗೂ ಹತ್ತಿಕೊಂಡು ಹೋಗಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕಾಯಿತು.

ಆಮೇಲೆ ಹಾಕಿದ್ದು ನಿಕಲ್ ಮೆಟಲ್ ಹೈಡ್ರೈಡ್, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್. ಇದರ ಒಂದೊಂದು ಸೆಲ್ 1.2 ವೋಲ್ಟ್, ಹಾಗಾಗಿ ನಾಲ್ಕು ಸಾಲದು, ಐದು ಬೇಕು. ಹೋಲ್ಡರ್ ಬದಲಿಸುವ ಕೆಲಸ ಒಂದಿದೆ, ಅಷ್ಟೇ. ಕೈ ಎತ್ತುವಾಗ ವೋಲ್ಟೇಜ್ 5.5ರಿಂದ ಕೆಳಗೆ ಇಳಿಯಲಿಲ್ಲ. ರೀಸೆಟ್ ನಿಂತೇ ಹೋಯಿತು. ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಹಳೇ ಮಾದರಿಯ ಸೆಲ್‌ಗಳು ಸುಮ್ನೆ ಇಟ್ಟರೂ ಕೆಲವೇ ತಿಂಗಳಲ್ಲಿ ಖಾಲಿಯಾಗುತ್ತವೆ. 2005ರಲ್ಲಿ ಸ್ಯಾನ್ಯೋ ಕಂಪನಿಯ ಎನೆಲೂಪ್ ಬಂದ ಮೇಲೆ ಚಾರ್ಜ್ ಉಳಿಸಿಕೊಳ್ಳುವ ಮಾದರಿ ಎಲ್ಲ ಕಡೆ ಸಿಗುತ್ತದೆ. ವರ್ಷ ಕಳೆದರೂ ಅದರಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಚಾರ್ಜ್ ಇರುತ್ತದೆ.

ಇದರಲ್ಲಿ ಬಂದ ತೊಂದರೆ ಒಂದೇ. ಒಮ್ಮೆ ಓಟ ಅರ್ಧಕ್ಕರ್ಧ ಕಡಿಮೆಯಾಯಿತು. ಓಡಿಸಿದ ಕೂಡಲೇ ಒಂದೊಂದೇ ಸೆಲ್ ಅಳೆದೆ. ನಾಲ್ಕರಲ್ಲಿ 1.2, ಐದನೆಯದರಲ್ಲಿ 0.6. ಸೋತ ಆ ಒಂದು ಸೆಲ್ ಐದನ್ನೂ ಕೆಳಗೆ ಎಳೆಯುತ್ತಿತ್ತು. ಈಗ ಸೆಲ್‌ಗಳ ಮೇಲೆ ಮಾರ್ಕರ್‌ನಿಂದ ನಂಬರ್ ಬರೆದಿದ್ದೇನೆ. ಹಳೇದು ಹೊಸದು ಬೆರೆಸುವುದಿಲ್ಲ.

ಮೂರನೆಯದು ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಎರಡು ಸೆಲ್ಲಿನದು, 7.4 ವೋಲ್ಟ್. ಶಕ್ತಿಯಲ್ಲಿ ಇದಕ್ಕೆ ಸಾಟಿ ಇಲ್ಲ, ತೂಕವೂ ಕಡಿಮೆ. ರೋಬೋಟ್ ನಿಜಕ್ಕೂ ಹಾರಿದ ಹಾಗೆ ಓಡಿತು. ಆದರೆ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಇರುತ್ತದೆ. ಕೈ ಎತ್ತುವ ನನ್ನ ಸರ್ವೋ ಮೋಟಾರ್ ತಾಳುವುದು 6 ವೋಲ್ಟ್ ಆಸುಪಾಸು ಮಾತ್ರ. ಮಧ್ಯೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್ ಹಾಕಲೇಬೇಕು. ಎತ್ತಿಡುವಾಗ ಪೂರ್ತಿ ಚಾರ್ಜೂ ಇರಬಾರದು, ಖಾಲಿಯೂ ಇರಬಾರದು. ಸೆಲ್‌ಗೆ 3.8 ವೋಲ್ಟ್ ಹತ್ತಿರ ಇರಬೇಕು. ಚಾರ್ಜರ್‌ನ ಸ್ಟೋರೇಜ್ ಮೋಡ್ ಇರುವುದೇ ಅದಕ್ಕೆ. ನಾನು ಸ್ವಿಚ್ ಆಫ್ ಮಾಡಿದೆ, ಕನೆಕ್ಟರ್ ಬಿಚ್ಚಲಿಲ್ಲ. ಆ ಎಲೆಕ್ಟ್ರಾನಿಕ್ ಸ್ವಿಚ್ ಆಫ್ ಇದ್ದಾಗಲೂ ಚೂರು ಕರೆಂಟ್ ಎಳೆಯುತ್ತಿತ್ತು. ಎರಡು ತಿಂಗಳ ಮೇಲೆ ನೋಡಿದರೆ ಒಂದು ಸೆಲ್ 2.4ಕ್ಕೆ ಇಳಿದಿತ್ತು, ಪ್ಯಾಕ್ ದಿಂಬಿನ ಹಾಗೆ ಉಬ್ಬಿತ್ತು. ಉಬ್ಬಿದ ಲೈಪೋವನ್ನು ಮತ್ತೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತಬಹುದು. ನಾನದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಟ್ಟೆ.

ವಾರವಾರವೂ ಓಡಿಸುವವರು, ಸ್ಪರ್ಧೆಗೆ ಇಳಿಸುವವರು ಲೈಪೋ ತೆಗೆದುಕೊಳ್ಳಲಿ, ಅದರ ಆರೈಕೆಗೂ ಅವರಿಗೆ ಪುರುಸೊತ್ತು ಇರುತ್ತದೆ. ನನ್ನ ಹಾಗೆ ಅಪರೂಪಕ್ಕೆ ಓಡಿಸುವವರಿಗೆ ಚಾರ್ಜ್ ಉಳಿಸಿಕೊಳ್ಳುವ ನಿಕಲ್ ಸೆಲ್ಲೇ ಸರಿ. ಆಲ್ಕಲೈನ್ ರಿಮೋಟ್‌ಗೆ ಸಾಕು. ಅಲ್ಲಿಂದಲೂ ಕೆಲಸ ಮುಗಿದ ಮೇಲೆ ತೆಗೆದಿಡಿ.

ಈಗ ರೋಬೋಟ್ ಎತ್ತಿಡುವಾಗ ಹೊಟ್ಟೆಯ ಕೆಳಗೆ ಮರದ ತುಂಡು ಕೊಡುತ್ತೇನೆ, ಇಲ್ಲದಿದ್ದರೆ ಒಂದೇ ಕಡೆ ಭಾರ ಬಿದ್ದು ರಬ್ಬರ್ ಚಕ್ರ ಚಪ್ಪಟೆಯಾಗುತ್ತದೆ. ಸೆಲ್‌ಗಳು ಬೇರೆ ಡಬ್ಬಿಯಲ್ಲಿ, ಮೇಲೆ ತಾರೀಖು ಮತ್ತು ವೋಲ್ಟೇಜ್ ಬರೆದ ಚೀಟಿ. ಹೋದ ಸಲ ಎರಡು ತಿಂಗಳ ಮೇಲೆ ತೆಗೆದಾಗ 6.5 ತೋರಿಸಿತು. ಕೈ ಮೊದಲ ಸಲಕ್ಕೇ ಎದ್ದಿತು.